ಗೆರೆಯ ಈಚೆ ನಿಂತ ಸ್ಟಾಪರ್

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೈದರಾಬಾದಿನ ಕುಷಾಯಿಗೂಡದ ಕಾಲೊನಿಯ ಹಿಂದಿನ ಬಯಲಿನಲ್ಲಿ ಒಬ್ಬರು ಹಿಂದೆ ಹಿಂದಕ್ಕೆ ನಡೆಯುತ್ತಿದ್ದಾರೆ. ಅವರ ಕೈಯಲ್ಲಿ ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಳೆಯ ಎಣ್ಣೆ ಡಬ್ಬಿ, ಅದರೊಳಗೆ ಸುಣ್ಣದ ಪುಡಿ. ಡಬ್ಬಿ ಅಲುಗಾಡಿದ ಹಾಗೆ ಕೆಂಪು ನೆಲದ ಮೇಲೆ ಬಿಳಿ ಗೆರೆ ಬೀಳುತ್ತಾ ಹೋಗುತ್ತದೆ. ದಾರಿಗೆ ಅಡ್ಡಲಾಗಿ ನಾಯಿಯೊಂದು ಮಲಗಿದೆ. ಇವರು ಹಿಂತಿರುಗಿ ನೋಡುವುದಿಲ್ಲ. ಅದರ ಹತ್ತಿರ ಬಂದಾಗ ಕಾಲು ತಾನಾಗಿ ಎತ್ತಿ ಆಚೆ ಇಡುತ್ತಾರೆ. ನಾಯಿಗೂ ಇದು ಹೊಸದಲ್ಲ, ಕಣ್ಣು ತೆರೆಯುವುದಿಲ್ಲ.

“ನನಗ ಮುಂದ ನಡಿಯೂದಕ್ಕಿಂತ ಹಿಂದ ನಡಿಯೂದು ಚಲೋ ಬರತೈತ್ರಿ. ಜೀವನಾನ ಅದರಾಗ ಹೋಗೈತಿ. ಫಾರ್ವರ್ಡ್ ಮಂದಿ ಮುಂದ ಓಡಿ ಹೆಸರ ಮಾಡ್ತಾರ. ನಾವು ಹಿಂದ ಓಡಿ, ಅವರನ್ನ ತಡದು, ಬೈಸ್ಕೊಂಡ ಮನೀಗೆ ಬರ್ತೀವಿ,” ಎನ್ನುತ್ತಾರೆ ಮಲ್ಲಪ್ಪ ಹೊಂಬಳ. ಮಾತಾಡುವಾಗಲೂ ಡಬ್ಬಿ ನಿಲ್ಲುವುದಿಲ್ಲ.

ಮಲ್ಲಪ್ಪನವರಿಗೆ ಅರವತ್ತು ದಾಟಿದೆ. ‘ಕಾಲೊನಿ ಇಲೆವೆನ್’ ಎಂಬ ಫುಟ್ಬಾಲ್ ತಂಡದ ಮ್ಯಾನೇಜರ್ ಅವರು. ಮ್ಯಾನೇಜರ್ ಎಂದ ಕೂಡಲೇ ಕೋಟು ತೊಟ್ಟು, ಕೈ ಕಟ್ಟಿ, ಗಂಭೀರವಾಗಿ ನಿಂತ ಟಿ.ವಿ.ಯ ಮಂದಿ ಕಣ್ಣ ಮುಂದೆ ಬಂದರೆ ದಯವಿಟ್ಟು ಅವರನ್ನು ಅಲ್ಲೇ ಬಿಟ್ಟು ಬನ್ನಿ. ಇಲ್ಲಿ ಮ್ಯಾನೇಜರ್ ಎಂದರೆ ಗೆರೆ ಎಳೆಯುವವರು, ಹರಿದ ಬಲೆಗೆ ದಾರ ಹಾಕುವವರು, ಚೆಂಡಿಗೆ ಗಾಳಿ ತುಂಬುವವರು, ಬೆವರಿನ ಜೆರ್ಸಿಗಳನ್ನು ಮನೆಗೆ ಹೊತ್ತು ಒಗೆದು ತರುವವರು. ತಂಡ ಆರಿಸುವವರೂ ಅವರೇ, ಸೋತಾಗ ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲುವವರೂ ಅವರೇ.

ಇಂದು ಲೀಗಿನ ಕೊನೆಯ ಪಂದ್ಯ, ಎದುರಿಗೆ ಮಲ್ಕಾಜ್‌ಗಿರಿ ತಂಡ. ಗೆದ್ದರೆ ಕಾಲೊನಿ ಇಲೆವೆನ್ ಮೇಲಿನ ವಿಭಾಗಕ್ಕೆ ಏರುತ್ತದೆ. ತಂಡ ಕಟ್ಟಿದಾಗಿನಿಂದ ಒಮ್ಮೆಯೂ ಏರಿಲ್ಲ. ಆದರೆ ಊರಿನವರ ಕಣ್ಣು ಹುಡುಗರ ಮೇಲಿಲ್ಲ, ಮಲ್ಲಪ್ಪನವರ ಕಾಲಿನ ಮೇಲಿದೆ. ಆ ಕಾಲು ಇನ್ನೊಮ್ಮೆ ಬಿಳಿ ಗೆರೆ ದಾಟಿ ಮೈದಾನದೊಳಗೆ ಹೋದರೆ ತಂಡವನ್ನೇ ಲೀಗಿನಿಂದ ಹೊರಗೆ ಹಾಕುವುದಾಗಿ ಸಂಘಟಕರು ಖಡಾಖಂಡಿತವಾಗಿ ಹೇಳಿದ್ದಾರೆ. ‘ಇನ್ನೊಮ್ಮೆ’ ಎಂದರೆ ಏನೆಂದು ತಿಳಿಯಬೇಕಾದರೆ ಸ್ವಲ್ಪ ತಾಳಿ. ಮಲ್ಲಪ್ಪ ಈಗ ಗುಂಡಿ ಮುಚ್ಚುತ್ತಿದ್ದಾರೆ.

ಈ ಬಯಲು ವಾರವಿಡೀ ಫುಟ್ಬಾಲಿನದಲ್ಲ. ಶನಿವಾರ ಯಾರದಾದರೂ ಮನೆಯ ಸಮಾರಂಭಕ್ಕೆ ಶಾಮಿಯಾನ ಏಳುತ್ತದೆ. ಗೂಟ ಕಿತ್ತ ಗುಂಡಿಗಳು ಭಾನುವಾರಕ್ಕೆ ಉಳಿಯುತ್ತವೆ. ಓಡುವ ಹುಡುಗನ ಕಾಲು ಒಂದರಲ್ಲಿ ಸಿಕ್ಕಿದರೆ ಮುಗಿಯಿತು. ಮಲ್ಲಪ್ಪ ಒಂದೊಂದನ್ನೇ ಹುಡುಕಿ, ಮಣ್ಣು ತುಂಬಿ, ಹಿಮ್ಮಡಿಯಿಂದ ಗುದ್ದಿ ಗುದ್ದಿ ಸಮ ಮಾಡುತ್ತಾರೆ. “ನಿನ್ನೆ ರಿಸೆಪ್ಷನ್ ಇತ್ರಿ. ಬಿರ್ಯಾನಿ ಭಾಳ ಚಲೋ ಆಗಿತ್ತಂತ. ನನ್ನ ಪಾಲಿಗೆ ಗುಂಡಿ ಬಂದಾವು,” ಎಂದು ನಗುತ್ತಾರೆ. ಗುದ್ದುವ ಕಾಲು ಮಾತ್ರ ನಗು ಮುಗಿದ ಮೇಲೂ ನಿಲ್ಲುವುದಿಲ್ಲ.

ಅವರ ಕಾಲು ನಿಲ್ಲುವುದೇ ಇಲ್ಲ. ಚಹಾ ಅಂಗಡಿಯ ಬೆಂಚಿನ ಕೆಳಗೆ ಅದು ಏನನ್ನೋ ತಟ್ಟುತ್ತಿರುತ್ತದೆ. ಬಸ್ಸಿನಲ್ಲಿ ಮುಂದೆ ಎಷ್ಟೇ ಸೀಟು ಖಾಲಿಯಿರಲಿ, ಕೊನೆಯ ಸೀಟಿಗೇ ಹೋಗಿ ಕೂರುತ್ತಾರೆ. ಎಲ್ಲರೂ ಕಣ್ಣ ಮುಂದೆ ಇರಬೇಕು, ಬೆನ್ನ ಹಿಂದೆ ಯಾರೂ ಇರಬಾರದು. ಯಾರಾದರೂ ಫುಟ್‌ಬೋರ್ಡಿನಿಂದ ಹಾರಿದರೆ ಇವರ ಮೊಣಕಾಲು ಎದುರಿನ ಸೀಟಿಗೆ ಬಡಿಯುತ್ತದೆ. ಮನೆಯ ಕತೆಯನ್ನು ಹೆಂಡತಿ ಶಿವಗಂಗಾ ಹೇಳುತ್ತಾರೆ: “ನಿದ್ದ್ಯಾಗೂ ಒದೀತಾರ್ರಿ. ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ. ಇಷ್ಟ ವರ್ಷ ಇವರ ಒದಿ ತಪ್ಪಿಸಿ ತಪ್ಪಿಸಿ ನಾನೂ ಒಂದ ನಮೂನಿ ಫಾರ್ವರ್ಡ್ ಆಗೇನಿ.”

ಇಬ್ಬರೂ ಗದಗ-ಬೆಟಗೇರಿಯವರು. ಮಲ್ಲಪ್ಪನವರ ಓಣಿಯಲ್ಲಿ ಹುಡುಗರು ನಡೆಯಲು ಕಲಿತ ಮೇಲೆ ಮೊದಲು ಮಾಡುತ್ತಿದ್ದ ಕೆಲಸ ಏನಾದರೊಂದನ್ನು ಒದೆಯುವುದು. ಎಂಬತ್ತರ ದಶಕದ ಕೊನೆಗೆ ಹೈದರಾಬಾದಿನ ಕಾರ್ಖಾನೆಯೊಂದು ತನ್ನ ತಂಡಕ್ಕೆ ಸ್ಟಾಪರ್ ಬೇಕೆಂದು ಹುಡುಕುತ್ತಿತ್ತು. ಸ್ಟಾಪರ್ ಎಂದರೆ ಗೋಲಿಯ, ಅಂದರೆ ಗೋಲು ಕಾಯುವವನ, ಮುಂದಿನ ಕೊನೆಯ ಮನುಷ್ಯ. ಅವನನ್ನು ದಾಟಿದರೆ ಎದುರಾಳಿಗೆ ಗೋಲಿ ಒಬ್ಬನೇ ಉಳಿಯುತ್ತಾನೆ. ಮಲ್ಲಪ್ಪ ಒಂದು ಟ್ರಂಕು ಹಿಡಿದು ಬಂದರು. ಬೆಳಗ್ಗೆ ಕಾರ್ಖಾನೆಯಲ್ಲಿ ವೈರು ಬೆಸೆಯುವ ಕೆಲಸ, ಸಂಜೆ ಮೈದಾನ. ಹನ್ನೆರಡು ವರ್ಷ ಆಡಿದರು. ಮೂಗು ಎರಡು ಬಾರಿ ಮುರಿಯಿತು, ಮುಂದಿನ ಹಲ್ಲು ಒಂದು ಹೋಯಿತು. ಎದುರಾಳಿಯ ಬಲೆಗೆ ಒಂದು ಗೋಲನ್ನೂ ಹೊಡೆಯಲಿಲ್ಲ. ಹೊಡೆಯುವುದು ಅವರ ಕೆಲಸವೂ ಆಗಿರಲಿಲ್ಲ.

ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಪತ್ರಿಕೆಯ ಫೋಟೊ ಒಂದಿದೆ. ಎದುರಾಳಿ ತಂಡದ ಫಾರ್ವರ್ಡ್ ಗಾಳಿಯಲ್ಲಿ ಹಾರಿದ್ದಾನೆ, ಕೂದಲು ಕೆದರಿದೆ, ನೋಡಲು ಚೆಂದವಾಗಿದ್ದಾನೆ. ಚಿತ್ರದ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. “ಆ ಮೊಣಕೈ ನಂದು. ಆ ಬಾಲ್ ನಾನ ತಡದಿದ್ನಿ,” ಎನ್ನುವಾಗ ಮಲ್ಲಪ್ಪನವರ ಮುಖದಲ್ಲಿ ಬೇಸರವೇನೂ ಇಲ್ಲ. ಬೇಸರ ನೋಡುವವರಿಗೇ ಆಗಬೇಕು.

ಆ ತಂಡದ ಗೋಲಿ ಮೈಸೂರಿನ ಸುಬ್ಬಣ್ಣ. ಈಗ ಇದೇ ಊರಿನ ತಾರ್ನಾಕದಲ್ಲಿದ್ದಾರೆ. ಭಾನುವಾರ ಮೊದಲ ಬಸ್ಸಿಗೆ ಬಂದು ಗೆಳೆಯನ ಪಕ್ಕ ಗಡಿಯಾರ ಹಿಡಿದು ನಿಲ್ಲುತ್ತಾರೆ. ಅವರೇ ಸಹಾಯಕ ಮ್ಯಾನೇಜರ್. “ನಿಜ ಹೇಳ್ಬೇಕು ಅಂದ್ರೆ ಇವನ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ನೆನಪಿರೋದು. ಆ ಬೆನ್ನು ಮುಂದೆ ಇದ್ರೆ ನನಗೆ ಆಕಳಿಕೆ ಬರ್ತಿತ್ತು. ಅಷ್ಟು ನಿಶ್ಚಿಂತೆ,” ಎನ್ನುತ್ತಾರೆ ಅವರು. ನಿಶ್ಚಿಂತೆ ಗೋಲಿಗೆ ಇತ್ತು. ಬೆನ್ನಿನ ಯಜಮಾನರಿಗೆ ಇರಲಿಲ್ಲ. ಪಕ್ಕದವ ತಪ್ಪುತ್ತಾನೆ, ಗೋಲಿ ಜಾರುತ್ತಾನೆ, ಕೊನೆಗೆ ತಾನೇ ಹೋಗಬೇಕು. ಹೀಗೆಂದುಕೊಂಡೇ ಓಡಿದ ಕಾಲು ಅದು.

ಕಾರ್ಖಾನೆಯಲ್ಲಿ ಆಟಗಾರರ ಹೊಸ ಭರ್ತಿ ನಿಂತಿತು. ಇದ್ದವರಿಗೆ ವಯಸ್ಸಾಯಿತು, ತಂಡ ತಾನಾಗಿಯೇ ಕರಗಿತು. ಕೆಲಸ ಉಳಿಯಿತು, ಆಟ ಹೋಯಿತು. ಒಂದೆರಡು ವರ್ಷ ಮಲ್ಲಪ್ಪ ಸಂಜೆಯಾದರೆ ಏನು ಮಾಡಲೂ ತೋಚದೆ ಓಣಿಯಲ್ಲಿ ಸುತ್ತಾಡುತ್ತಿದ್ದರು. ಆಮೇಲೆ ಕಾಲೊನಿಯ ಹುಡುಗರನ್ನು ಕಲೆಹಾಕಿ ತಂಡ ಕಟ್ಟಿದರು. ಇವತ್ತು ಅದರಲ್ಲಿ ಪಾರ್ಸೆಲ್ ಹಂಚುವವರಿದ್ದಾರೆ, ಎ.ಸಿ. ರಿಪೇರಿಯವರಿದ್ದಾರೆ, ಬ್ಯಾಂಕಿನ ಪರೀಕ್ಷೆಗೆ ಓದುವವರಿದ್ದಾರೆ. ಇವರ ಜಾಗದಲ್ಲಿ, ಅಂದರೆ ಸ್ಟಾಪರ್ ಆಗಿ ಆಡುವವನು ಚಂದ್ರಹಾಸ. ಉಳ್ಳಾಲದವನು, ಐ.ಟಿ. ಕಂಪನಿಯಲ್ಲಿ ಕೆಲಸ. ಪ್ರಾಕ್ಟೀಸಿಗೆಂದು ಊರಿನ ಆ ತುದಿಯಿಂದ ಈ ತುದಿಗೆ ಬೈಕಿನಲ್ಲಿ ಬರುತ್ತಾನೆ.

ಈಗ ಆ ‘ಇನ್ನೊಮ್ಮೆ’ಯ ಕತೆ.

ಕಳೆದ ವರ್ಷವೂ ಕೊನೆಯ ಪಂದ್ಯ, ಎದುರಿಗೆ ಇದೇ ಮಲ್ಕಾಜ್‌ಗಿರಿ ತಂಡ. ಕಾಲೊನಿ ಇಲೆವೆನ್ ಒಂದು ಗೋಲು ಮುಂದಿತ್ತು, ಆಟ ಮುಗಿಯುತ್ತಾ ಬಂದಿತ್ತು. ಮಲ್ಲಪ್ಪ ಗೆರೆಯುದ್ದಕ್ಕೂ ಶತಪಥ ಹಾಕುತ್ತಾ ಹಾಕುತ್ತಾ ತಮ್ಮ ಗೋಲಿನ ಮೂಲೆಯವರೆಗೆ ಬಂದುಬಿಟ್ಟಿದ್ದರು. ಎದುರಾಳಿ ಫಾರ್ವರ್ಡ್ ಗೋಲಿಯನ್ನು ದಾಟಿಸಿ ಚೆಂಡನ್ನು ತಳ್ಳಿದ. ಖಾಲಿ ಗೋಲು. ಚೆಂಡು ನಿಧಾನವಾಗಿ ಉರುಳುತ್ತಿತ್ತು. ಮುಂದೆ ಆದದ್ದನ್ನು ಮಲ್ಲಪ್ಪ ತಮ್ಮ ಬಾಯಿಂದಲೇ ಹೇಳಲಿ:

“ನಾ ಓಡಿದ್ದು ನನಗ ಗೊತ್ತಿಲ್ರಿ. ಆಣಿ ಮಾಡಿ ಹೇಳ್ತೀನಿ. ಬಾಲ್ ಕಾಲಿಗೆ ಬಡದಾಗ ಎಚ್ಚರ ಆತು. ನೋಡ್ತೀನಿ, ಚಪ್ಪಲ್ ಹಾಕ್ಕೊಂಡು ಪೆನಾಲ್ಟಿ ಬಾಕ್ಸಿನ್ಯಾಗ ನಿಂತೀನಿ. ಒಂದ ಚಪ್ಪಲ್ ಬಾಲ್ ಸಂಗಾಟ ಹೋಗೈತಿ.”

ಚೆಂಡು ಅಷ್ಟು ಚೊಕ್ಕವಾಗಿ ಹೊರಗೆ ಹೋಯಿತೆಂದರೆ ಎದುರಾಳಿ ಹುಡುಗರೂ ಒಂದು ಕ್ಷಣ ಕಾರ್ನರ್ ಹೊಡೆಯಲು ಓಡಿದರು. ಆಮೇಲೆ ಎಲ್ಲರಿಗೂ ಹೊಳೆಯಿತು, ಹೊಡೆದದ್ದು ಆಟಗಾರನಲ್ಲ, ಮ್ಯಾನೇಜರ್. ರೆಫರಿ ಮಲ್ಲಪ್ಪನವರಿಗೆ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದರು, ಎದುರಾಳಿಗೆ ಪೆನಾಲ್ಟಿ ಕೊಟ್ಟರು. ಅದು ಗೋಲಾಯಿತು. ಪಂದ್ಯ ಸಮವಾಗಿ ಮುಗಿದು ಮೇಲಿನ ವಿಭಾಗ ಕೈತಪ್ಪಿತು. ಮ್ಯಾನೇಜರಿಗೆ ಅರ್ಧ ಸೀಸನ್ ನಿಷೇಧ ಬಿತ್ತು.

ಊರು ನಕ್ಕಿತು. ಮೊಬೈಲಿನಲ್ಲಿ ವಿಡಿಯೊ ಓಡಾಡಿತು. ಮಲ್ಲಪ್ಪ ಅದನ್ನೂ ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಬೇರೆ. ಚಂದ್ರಹಾಸ ಪ್ರಾಕ್ಟೀಸಿಗೆ ಬರುವುದನ್ನು ಬಿಟ್ಟ, ಫೋನ್ ಎತ್ತಲಿಲ್ಲ. ಕೊನೆಗೆ ಅಬಿಡ್ಸ್‌ನ ಕ್ರೀಡಾ ಸಾಮಾನಿನ ಅಂಗಡಿಯೊಂದರಲ್ಲಿ ಇಬ್ಬರೂ ಅಕಸ್ಮಾತ್ತಾಗಿ ಎದುರಾದರು. ಇವರು ಬಲೆಯ ದಾರಕ್ಕೆ ಹೋಗಿದ್ದರು, ಅವನು ಬೂಟು ನೋಡುತ್ತಿದ್ದ.

“ಮೇಲಿನ ಡಿವಿಷನ್ ಹೋದ್ರೆ ಹೋಗ್ಲಿ ಸರ್,” ಎಂದನಂತೆ ಚಂದ್ರಹಾಸ. “ನಾನು ಬರ್ತಾ ಇದ್ದೆ ಮಾರಾಯ್ರೆ. ಇನ್ನು ಎರಡು ಹೆಜ್ಜೆಗೆ ಬಾಲ್ ನನಗೆ ಸಿಗ್ತಿತ್ತು. ನೀವು ನನ್ನ ಕಡೆ ನೋಡ್ಲೇ ಇಲ್ಲ. ಇವನು ಬರುದಿಲ್ಲ ಅಂತ ನಿಮ್ಮ ಮನಸ್ಸಲ್ಲಿ ಮೊದಲೇ ಇತ್ತು ಅಲ್ವಾ?”

ಮಲ್ಲಪ್ಪ ದಾರ ಕೊಳ್ಳದೆಯೇ ಅಂಗಡಿಯಿಂದ ಹೊರಟರು. ವಿಡಿಯೊವನ್ನು ಅವರು ಮೊದಲ ಸಲ ನೋಡಿದ್ದು ಅಂದು ಮನೆಗೆ ಬಂದ ಮೇಲೆ. ಹುಡುಗ ಹೇಳಿದ್ದು ನಿಜವಾಗಿತ್ತು. ಚಿತ್ರದ ಅಂಚಿನಲ್ಲಿ, ಗೋಡೆಯ ಮೇಲಿನ ಆ ಮೊಣಕೈ ಇದ್ದಂತಹ ಜಾಗದಲ್ಲಿ, ಚಂದ್ರಹಾಸ ಓಡಿ ಬರುತ್ತಿದ್ದ. “ಆಡೂ ಕಾಲದಾಗ ನಾನ ಕಡೇ ಮನಷ್ಯಾ ಆಗಿದ್ನಿ. ಈಗ ಅಲ್ಲ. ಅದು ತಲಿಗೆ ತಿಳೀತು, ಕಾಲಿಗೆ ತಿಳೀಲಿಲ್ಲ. ಆ ಹುಡುಗನ ಮಾರಿ ನೆನಸ್ಕೊಂಡ್ರ ಈಗೂ ಆ ವಿಡಿಯೊ ತಗದ ನೋಡ್ತೀನ್ರಿ,” ಎನ್ನುತ್ತಾರೆ ಮಲ್ಲಪ್ಪ. ಮರುದಿನವೇ ಚಂದ್ರಹಾಸನ ಕೋಣೆಗೆ ಹೋಗಿ ಮಾತು ಕೊಟ್ಟು ಬಂದರು: ಇನ್ನು ಗೆರೆ ದಾಟುವುದಿಲ್ಲ. ಹುಡುಗ ಮತ್ತೆ ಪ್ರಾಕ್ಟೀಸಿಗೆ ಬಂದ.

ಮಾತು ಕೊಟ್ಟದ್ದು ಬಾಯಿ. ನಿಷೇಧ ಮುಗಿದ ಮೇಲಿನ ಮೊದಲ ಪಂದ್ಯದಲ್ಲೇ ಕಾಲು ಗೆರೆಯ ಹತ್ತಿರ ಹೋಯಿತು. ಸುಬ್ಬಣ್ಣ ಹಿಂದಿನಿಂದ ಅಂಗಿ ಹಿಡಿದು ಎಳೆದರು. ಅಂಗಿ ಹರಿಯಿತು, ಮಲ್ಲಪ್ಪ ಉಳಿದರು. ಆ ಅಂಗಿ ಹೊಲಿಯುತ್ತಾ ಕೂತ ಶಿವಗಂಗಾ ಅವರೇ ಕೊನೆಗೆ ದಾರಿ ಕಂಡುಹಿಡಿದರು. ಪಂದ್ಯಕ್ಕೆ ಮುಂಚೆ ಗಂಡನ ಎರಡೂ ಬೂಟಿನ ಲೇಸುಗಳನ್ನು ಒಂದಕ್ಕೊಂದು ಸೇರಿಸಿ ಗಂಟು ಹಾಕುವುದು! ಗೇಣುದ್ದ ಸಡಿಲು ಬಿಟ್ಟಿರುತ್ತಾರೆ. ಪುಟ್ಟ ಹೆಜ್ಜೆ ಇಡಬಹುದು, ಓಡುವಂತಿಲ್ಲ.

“ನಮ್ಮಪ್ಪನ ಮನ್ಯಾಗ ಮಗ್ಗ ಇತ್ರಿ. ನೇಯೂವಾಗ ಎಳಿ ಕಡದ್ರ ಹಾಕೋ ಗಂಟ ಐತೆಲ್ಲ, ಅದು ನನಗ ಕಣ್ಣ ಮುಚ್ಚಿ ಬರತೈತಿ. ಜಗ್ಗಿದಷ್ಟೂ ಬಿಗಿ ಆಗತೈತಿ. ಬಿಚ್ಚಾಕ ಬರಾಂಗಿಲ್ಲ, ಕತ್ತರಸಬೇಕ,” ಎನ್ನುತ್ತಾರೆ ಶಿವಗಂಗಾ. ಹಾಗಾಗಿ ಅವರ ಕೈಚೀಲದಲ್ಲಿ ಪುಟ್ಟ ಕತ್ತರಿ ಸದಾ ಇರುತ್ತದೆ. ಇಷ್ಟು ವರ್ಷ ಒಂದು ಪಂದ್ಯವನ್ನೂ ನೋಡದಿದ್ದವರು ಈಗ ಪ್ರತಿ ಭಾನುವಾರ ಬರುತ್ತಾರೆ. ಆಟ ಈಗಲೂ ನೋಡುವುದಿಲ್ಲ, ಗಂಟು ನೋಡುತ್ತಾರೆ.

ಎಂಟು ಗಂಟೆಗೆ ಸೀಟಿ ಊದುತ್ತದೆ. ಬಿಸಿಲು ಆಗಲೇ ಚುರುಕಾಗಿದೆ. ಮೊದಲರ್ಧದಲ್ಲಿ ಯಾರಿಗೂ ಗೋಲಿಲ್ಲ. ಮಲ್ಲಪ್ಪ ಗೆರೆಯ ಪಕ್ಕ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಅತ್ತಿಂದಿತ್ತ ಸರಿದಾಡುತ್ತಿದ್ದಾರೆ. ಕಾಲು ಕಟ್ಟಿದ್ದರ ಸಿಟ್ಟೆಲ್ಲ ಬಾಯಿಗೆ ಬಂದಿದೆ. “ಕುಡಿ ಪಕ್ಕ ಚೂಡ್ ರಾ!” ಬಲಗಡೆ ನೋಡು ಎಂದು ಒಬ್ಬನಿಗೆ ತೆಲುಗಿನಲ್ಲಿ. “ಐಸಾ ನಕ್ಕೋ ಮಿಯಾ, ಪೀಛೆ ದೇಖೋ!” ಹಾಗಲ್ಲ, ಹಿಂದೆ ನೋಡು ಎಂದು ಇನ್ನೊಬ್ಬನಿಗೆ ದಖನಿಯಲ್ಲಿ. ತೀರಾ ತಡೆಯಲಾರದಾಗ ಬೆಟಗೇರಿ ಹೊರಗೆ ಬರುತ್ತದೆ: “ಎಲ್ಲಿ ನೋಡಾಕತ್ತೀಯೋ ಮಾರಾಯಾ, ಹಿಂದ ಬಾ!” ಚಂದ್ರಹಾಸನಿಗೆ ಮಾತ್ರ ಏನೂ ಕೂಗುವುದಿಲ್ಲ. ಕೂಗಬಾರದೆಂದು ತುಟಿ ಕಚ್ಚಿ ಹಿಡಿದಿದ್ದಾರೆ, ನೋಡಿದವರಿಗೆ ಪಾಪ ಎನಿಸಬೇಕು.

ಎರಡನೆಯ ಅರ್ಧದ ನಡುವೆ ಕಾರ್ನರಿನಿಂದ ಬಂದ ಚೆಂಡಿಗೆ ಎ.ಸಿ. ರಿಪೇರಿಯ ಹುಡುಗನೊಬ್ಬ ತಲೆ ಕೊಡುತ್ತಾನೆ. ಗೋಲು! ಎಲ್ಲರೂ ಕುಣಿಯುತ್ತಾರೆ, ಮಲ್ಲಪ್ಪನವರ ಮುಖ ಬಾಡುತ್ತದೆ. ಗೋಲು ಬಿದ್ದ ಮೇಲೆಯೇ ಅವರಂತಹ ತಡೆಯುವ ಆಟಗಾರರಿಗೆ ಸಂಕಟ ಶುರು. “ಎಷ್ಟು ಉಳೀತೋ?” ಎಂದು ಸುಬ್ಬಣ್ಣನನ್ನು ಕೇಳುತ್ತಾರೆ. ಅರೆಕ್ಷಣ ಬಿಟ್ಟು ಮತ್ತೆ ಕೇಳುತ್ತಾರೆ. “ನೀನು ಕೇಳಿದಷ್ಟು ಸಲ ಮುಳ್ಳು ಮುಂದೆ ಹೋಗಲ್ಲ ಕಣೋ,” ಎಂದು ಸುಬ್ಬಣ್ಣ ಗಡಿಯಾರವನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾರೆ.

ಮಲ್ಕಾಜ್‌ಗಿರಿಯವರು ಮೈಮೇಲೆ ಬಿದ್ದು ಆಡುತ್ತಿದ್ದಾರೆ. ಮಲ್ಲಪ್ಪ ಸರಿದು ಸರಿದು ಮತ್ತೆ ತಮ್ಮ ಗೋಲಿನ ಮೂಲೆಗೇ ಬಂದಿದ್ದಾರೆ. “ಬಾರೋ ಈ ಕಡೆ!” ಎಂದು ಸುಬ್ಬಣ್ಣ ಕರೆಯುತ್ತಾರೆ. ಶಿವಗಂಗಾ ಕೈಚೀಲ ಎದೆಗವಚಿಕೊಂಡು ಎದ್ದು ನಿಲ್ಲುತ್ತಾರೆ. ಅಷ್ಟರಲ್ಲಿ ಎದುರಾಳಿಯ ಎಡಗಡೆಯ ಹುಡುಗ ಇಬ್ಬರನ್ನು ದಾಟಿ ಒಳಗೆ ನುಗ್ಗುತ್ತಾನೆ. ಗೋಲಿ ಮುಂದೆ ಹಾರಿ ನೆಲಕ್ಕೆ ಬೀಳುತ್ತಾನೆ. ಚೆಂಡು ಅವನನ್ನು ದಾಟುತ್ತದೆ.

ಖಾಲಿ ಗೋಲು. ಚೆಂಡು ನಿಧಾನವಾಗಿ ಉರುಳುತ್ತಿದೆ.

ಮಲ್ಲಪ್ಪನವರ ಕಾಲು ಯಾರ ಮಾತನ್ನೂ ಕೇಳುವುದಿಲ್ಲ. ಬಲಗಾಲು ನೆಗೆಯುತ್ತದೆ, ಎಡಗಾಲು ಹಿಂದೆ ಉಳಿಯುತ್ತದೆ, ಬೆಟಗೇರಿಯ ಗಂಟು ಬಿಗಿಯುತ್ತದೆ. ಮರುಕ್ಷಣ ಮ್ಯಾನೇಜರ್ ಬೋರಲಾಗಿ ನೆಲಕಚ್ಚಿದ್ದಾರೆ. ಬಾಯಲ್ಲಿ ಮಣ್ಣು. ಕಣ್ಣಿಗೆ ಕಾಣುವುದು ಬೆಳಗ್ಗೆ ತಾವೇ ಎಳೆದ ಬಿಳಿ ಗೆರೆ ಒಂದೇ, ಮೂಗಿನಿಂದ ನಾಲ್ಕು ಬೆರಳು ಮುಂದೆ. ಅವರ ಉಸಿರಿಗೆ ಸುಣ್ಣದ ಪುಡಿ ಸಣ್ಣಗೆ ಏಳುತ್ತಿದೆ. ತಲೆ ಎತ್ತಿದರೆ ಗೋಲು ಕಾಣಬಹುದು. ಅವರು ಎತ್ತುವುದಿಲ್ಲ. ಎತ್ತಲು ಧೈರ್ಯ ಸಾಲುವುದಿಲ್ಲವೋ, ಅಥವಾ ಹುಡುಗ ಬರುತ್ತಿದ್ದಾನೆ ಎಂದು ಮೊದಲ ಸಲ ಬಿಟ್ಟುಕೊಟ್ಟಿದ್ದಾರೋ, ಅದು ಅವರಿಗೇ ಗೊತ್ತು. ಹಣೆಯನ್ನು ನೆಲಕ್ಕೊತ್ತಿ ಹಾಗೇ ಮಲಗಿದ್ದಾರೆ.

ಧಡ್ ಎಂದು ಒಂದು ಸದ್ದು. ಬೂಟಿನ ಮೂತಿಯಿಂದ ಚೆಂಡನ್ನು ತಿವಿದರೆ ಬರುವ ಸದ್ದಲ್ಲ ಅದು. ಪಾದದ ನಡುಭಾಗ ತುಂಬಿ ಬಡಿದ ಸದ್ದು. ಚೆಂಡು ಮೈದಾನದಾಚೆಯ ಕಾಂಪೌಂಡಿನೊಳಗೆ ಬಿದ್ದು ಯಾರದೋ ತಗಡನ್ನು ಗಣಗಣ ಎನಿಸುತ್ತದೆ. ಅದನ್ನು ತರುವಷ್ಟರಲ್ಲಿ ರೆಫರಿಯ ಕೊನೆಯ ಸೀಟಿ.

“ಸುಬ್ಬಣ್ಣಾ, ಗೆರಿ ದಾಟೇನೇನು ನೋಡೋ,” ಎಂಬುದು ನೆಲದಿಂದ ಬಂದ ಮೊದಲ ಮಾತು.

ಸುಬ್ಬಣ್ಣ ಓಡಿ ಬಂದು ಬಗ್ಗಿ ನೋಡುತ್ತಾರೆ. “ಇಲ್ಲ ಕಣೋ. ಈಚೆಗೇ ಇದ್ದೀಯ. ಪೂರ್ತಿ ಈಚೆಗೆ.” ಮಲ್ಲಪ್ಪ ಆಗ ಮಾತ್ರ ಹೊರಳಿ ಎದ್ದು ಕೂರುತ್ತಾರೆ. ಕಣ್ಣು ಒದ್ದೆಯಾಗಿದೆ. ಸುಣ್ಣ ಕಣ್ಣಿಗೆ ಬಿತ್ತು ಎಂದು ಯಾರೂ ಕೇಳದಿದ್ದರೂ ಹೇಳುತ್ತಾರೆ.

ಅತ್ತ ಹುಡುಗರು ಚಂದ್ರಹಾಸನನ್ನು ಹೆಗಲಿಗೇರಿಸಿಕೊಂಡು ಸುತ್ತುತ್ತಿದ್ದಾರೆ, ಮೊಬೈಲುಗಳೆಲ್ಲ ಅವನತ್ತ ತಿರುಗಿವೆ. ಇತ್ತ ಮ್ಯಾನೇಜರಿಗೆ ಎದ್ದು ಹೋಗಲೂ ಬರುವುದಿಲ್ಲ. ಶಿವಗಂಗಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗಂಟಿಗೆ ಕತ್ತರಿ ಹಾಕುತ್ತಿದ್ದಾರೆ.

“ಮುಂದಿನ ವರ್ಷ ಇದು ಬ್ಯಾಡ. ಸುಮ್ನ ನಿಂದ್ರತೀನಿ. ಅದೊಂದ ಆಸೆ ಐತಿ ನನಗ, ಎಲ್ಲಾರಂಗ ಕೈಕಟ್ಟಿ ಒಂದ ಮ್ಯಾಚ್ ನೋಡೂದು,” ಎನ್ನುತ್ತಾರೆ ಮಲ್ಲಪ್ಪ.

“ನೋಡೂಣು ತಗೋರಿ,” ಎಂದು ಶಿವಗಂಗಾ ಕತ್ತರಿಯನ್ನು ಮತ್ತೆ ಚೀಲದೊಳಗೇ ಹಾಕುತ್ತಾರೆ. ಬಿಡುಗಡೆಯಾದ ಕಾಲು ಆಗಲೇ ನೆಲ ತಟ್ಟುತ್ತಿದೆ.

ಹೆಗಲಿನಿಂದ ಇಳಿದ ಚಂದ್ರಹಾಸ ಮೈದಾನ ದಾಟಿ ನೇರ ಇವರತ್ತ ಬರುತ್ತಾನೆ. ಒಂದು ಮಗ್ಗುಲು ಪೂರ್ತಿ ಕೆಂಪು ಮಣ್ಣು, ಮೊಣಕಾಲು ತರಚಿದೆ. ಗೆರೆಯ ಆಚೆಯೇ ನಿಂತು ಏದುಸಿರು ಬಿಡುತ್ತಾ ಕೇಳುತ್ತಾನೆ.

“ನೋಡಿದ್ರಾ ಸರ್?”

“ಇಲ್ಲೋ ತಮ್ಮಾ, ನೋಡಲಿಲ್ಲ,” ಎನ್ನುತ್ತಾರೆ ಮಲ್ಲಪ್ಪ. “ಸಪ್ಪಳ ಕೇಳಿದ್ನಿ. ನೀನ ಅಂತ ಗೊತ್ತಾತು.”